ಹಾಡು ಕಟ್ಟಿದ್ದಾಯಿತು, ನಿಯಮ ಓದಿದಿರಾ?

2023ರ ಫೆಬ್ರುವರಿ 26, ಭಾನುವಾರ. ‘ಮನ್ ಕಿ ಬಾತ್’ ಬಾನುಲಿ ಕಾರ್ಯಕ್ರಮದಲ್ಲಿ ಪ್ರಧಾನಿ ಮೂರು ಸ್ಪರ್ಧೆಗಳ ವಿಜೇತರ ಹೆಸರು ಹೇಳಿದರು. ದೇಶಭಕ್ತಿ ಗೀತೆ, ಜೋಗುಳ, ರಂಗೋಲಿ ಆ ಮೂರು ಸ್ಪರ್ಧೆಗಳು. ಜೋಗುಳ ರಚನೆಯಲ್ಲಿ ಇಡೀ ದೇಶಕ್ಕೆ ಮೊದಲ ಬಹುಮಾನ ಬಂದದ್ದು ಕನ್ನಡದ ‘ಮಲಗು ಕಂದ’ ಎಂಬ ರಚನೆಗೆ. ಕಟ್ಟಿದವರು ಚಾಮರಾಜನಗರ ಜಿಲ್ಲೆಯ ಬಿ.ಎಂ. ಮಂಜುನಾಥ್. ತಾಯಿಯೂ ಅಜ್ಜಿಯೂ ಹಾಡುತ್ತಿದ್ದ ಜೋಗುಳಗಳೇ ಅವರಿಗೆ ಪ್ರೇರಣೆ ಎಂದೂ ಅಂದು ಬಾನುಲಿಯಲ್ಲಿ ಕೇಳಿಬಂತು. 2021ರ ಅಕ್ಟೋಬರ್‌ನಲ್ಲಿ ಘೋಷಣೆಯಾಗಿದ್ದ ಈ ಮೂರು ಸ್ಪರ್ಧೆಗಳಿಗೆ 700ಕ್ಕೂ ಹೆಚ್ಚು ಜಿಲ್ಲೆಗಳಿಂದ 5 ಲಕ್ಷಕ್ಕೂ ಮಿಕ್ಕಿ ಜನ ರಚನೆಗಳನ್ನು ಕಳಿಸಿದ್ದರು.

ಅಜ್ಜಿಯ ಜೋಗುಳ ಕೇಳಿ ಬೆಳೆದವರು ಒಂದು ಹಾಡು ಕಟ್ಟಿ, ಜಾಲತಾಣದ ಮೂಲಕ ದೆಹಲಿಯವರೆಗೆ ಮುಟ್ಟಿಸಿ, ಗೆಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹಾಗಿದ್ದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಹೋಬಳಿಯ ಕೆಂಕೆರೆಯಿಂದ ಯಾಕೆ ಆಗಬಾರದು? ಈ ತೆಂಗಿನ ಸೀಮೆಯಲ್ಲಿ ಹಾಡು ಕಟ್ಟುವವರಿಗೆ ಬರವಿಲ್ಲ. ಶನಿವಾರದ ಭಜನೆ, ಪೌರಾಣಿಕ ನಾಟಕದ ಪ್ರಾಕ್ಟೀಸು, ಮದುವೆಮನೆಯ ಸೋಬಾನೆ, ಮೂಡಲಪಾಯದ ಮುಖವೀಣೆ, ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಪದದ ಜೊತೆಗೆ ನುಡಿಯುವ ಗಣೆ, ಇವೆಲ್ಲ ಇಲ್ಲಿ ಇನ್ನೂ ಕಿವಿಗೆ ಬೀಳುತ್ತವೆ. ಕಾಲೇಜಿಗೆ ಹೋಗುವ ಮಕ್ಕಳ ಕೈಯಲ್ಲಿ ಮೊಬೈಲು ಇದೆ, ಅದರೊಳಗೆ ಧ್ವನಿಮುದ್ರಣದ ಆ್ಯಪ್ ಇದೆ. ಹಾಡಿಗೂ ಸ್ಪರ್ಧೆಗೂ ನಡುವೆ ಇರುವುದು ಒಂದೇ ಒಂದು ವಸ್ತು, ನಿಯಮಗಳ ಪುಟ. ಅದನ್ನು ಓದದೆ ಕೆಳಗಿನ ಚೌಕಕ್ಕೆ ಟಿಕ್ ಹೊಡೆಯುವುದು ನಮ್ಮೆಲ್ಲರ ರೂಢಿ. ಹಾಡು ಚೆನ್ನಾಗಿದ್ದೂ ಮೊದಲ ಸುತ್ತಿಗೇ ಬರದೆ ಹೋಗುವುದು ಬಹಳ ಸಲ ಈ ರೂಢಿಯಿಂದಲೇ.

ನಿಯಮಗಳೆಂದರೆ ಕಚೇರಿ ಕಾಗದ ಎಂದು ಮುಖ ತಿರುಗಿಸುವವರಿಗೆ ಒಂದು ಮಾತು ಹೇಳಬೇಕು. ಊರಿನ ಹೆಸರು, ಗುರುವಿನ ಹೆಸರು, ಸ್ಟುಡಿಯೊದ ಹೆಸರು ಯಾವುದೂ ಬೆನ್ನಿಗಿಲ್ಲದವರಿಗೆ ಬರೆದಿಟ್ಟ ನಿಯಮವೊಂದೇ ಆಸರೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಕೂತವರನ್ನೂ ಕೆಂಕೆರೆಯ ತೋಟದ ಮನೆಯಲ್ಲಿ ಕೂತವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಶಕ್ತಿ ಅದಕ್ಕಿದೆ. ಅದೇ ಪುಟದಲ್ಲಿ ಕಟ್ಟಿದವರ ಕೈಯಿಂದ ಹಾಡನ್ನೇ ಜಾರಿಸಿಬಿಡುವ ಸಾಲೂ ಒಂದಿರಬಹುದು. ಎರಡನ್ನೂ ಗುರುತಿಸಲು ಬರಬೇಕು.

ಹವ್ಯಾಸಿ ಅಂದರೆ ಯಾರು?

ಅರ್ಜಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ ಇದು. ‘ಈ ಸ್ಪರ್ಧೆ ಹವ್ಯಾಸಿಗಳಿಗೆ ಮಾತ್ರ’ ಎಂದು ಬರೆದಿರುತ್ತಾರೆ. ನಮ್ಮ ಸೀಮೆಯ ಹಾರ್ಮೋನಿಯಂ ಮೇಷ್ಟ್ರನ್ನು ನೆನೆಯಿರಿ. ಬೇಸಾಯ ಇದೆ, ನಾಲ್ಕು ತೆಂಗಿನ ಮರ ಇವೆ. ಸುಗ್ಗಿ ಮುಗಿದ ಮೇಲೆ ಊರೂರಿಗೆ ಹೋಗಿ ‘ಕುರುಕ್ಷೇತ್ರ’ ಕಲಿಸುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು ಮಾಡಿಸಿ, ನಾಟಕದ ದಿನ ಲೆಗ್ ಹಾರ್ಮೋನಿಯಂ ಮುಂದೆ ಬೆಳಗಿನವರೆಗೂ ಕೂತು, ಸಂಭಾವನೆ ತೆಗೆದುಕೊಳ್ಳುತ್ತಾರೆ. ಇವರು ವೃತ್ತಿಪರರೋ ಹವ್ಯಾಸಿಗಳೋ?

ಜಗತ್ತು ಈ ಪ್ರಶ್ನೆಗೆ ಒಮ್ಮೆ ದೊಡ್ಡ ಬೆಲೆ ತೆತ್ತಿದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಿಂದ 1948ರ ಲಂಡನ್ ಒಲಿಂಪಿಕ್ಸ್‌ವರೆಗೆ ಓಟ, ಈಜುಗಳ ಜೊತೆಗೆ ಸಂಗೀತ ರಚನೆಗೂ ಪದಕ ಕೊಡುತ್ತಿದ್ದರು ಎಂಬುದು ಇವತ್ತು ಬಹಳ ಜನಕ್ಕೆ ಗೊತ್ತಿಲ್ಲ. ರಚನೆ ಸ್ವಂತದ್ದಾಗಿರಬೇಕು, ಕ್ರೀಡೆಗೆ ಸಂಬಂಧಪಟ್ಟಿರಬೇಕು ಎಂಬುದು ನಿಯಮ. 1924ರ ಪ್ಯಾರಿಸ್ ಸ್ಪರ್ಧೆಯಲ್ಲಿ ರಾವೆಲ್, ಸ್ಟ್ರಾವಿನ್‌ಸ್ಕಿಯಂಥವರು ತೀರ್ಪುಗಾರರಾಗಿ ಕೂತು, ಸಂಗೀತದಲ್ಲಿ ಒಬ್ಬರಿಗೂ ಪದಕ ಕೊಡಲಿಲ್ಲ. ಒಲಿಂಪಿಕ್ಸ್ ಹವ್ಯಾಸಿಗಳ ಕೂಟ, ಇಲ್ಲಿ ರಚನೆ ಕಳಿಸುವವರೆಲ್ಲ ಕಲೆಯಿಂದಲೇ ಹೊಟ್ಟೆ ಹೊರೆಯುವವರು ಎಂಬ ತಕರಾರು ಬಲಿತು, 1948ರ ನಂತರ ಕಲಾಸ್ಪರ್ಧೆಗಳನ್ನೇ ಕೈಬಿಟ್ಟರು. ‘ಹವ್ಯಾಸಿ’ ಯಾರೆಂದು ಸರಿಯಾಗಿ ಬರೆದುಕೊಂಡಿದ್ದರೆ ಆ ಪದಕ ಇಂದಿಗೂ ಉಳಿದಿರುತ್ತಿತ್ತೇನೋ.

ಈಗಿನ ಆನ್‌ಲೈನ್ ಸ್ಪರ್ಧೆಗಳಲ್ಲಿ ಒಳ್ಳೆಯವು ಇದನ್ನು ಬಿಡಿಸಿ ಹೇಳುತ್ತವೆ. ಸಂಗೀತದಿಂದ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಆದಾಯ ಇರಬಾರದು, ಧ್ವನಿಮುದ್ರಣ ಕಂಪನಿಯ ಜೊತೆ ಕರಾರು ಇರಬಾರದು, ಸಿನಿಮಾಕ್ಕೆ ಸಂಗೀತ ಕೊಟ್ಟಿರಬಾರದು ಎಂಬಂತೆ. ಬರೀ ‘ಹವ್ಯಾಸಿ’ ಎಂದಷ್ಟೇ ಬರೆದಿದ್ದರೆ ಮೇಷ್ಟ್ರು ತಾವಾಗಿ ಹಿಂದೆ ಸರಿಯಬೇಕಿಲ್ಲ. ‘ನಾನು ವ್ಯವಸಾಯಗಾರ, ವರ್ಷಕ್ಕೆ ಒಂದೆರಡು ನಾಟಕ ಕಲಿಸುತ್ತೇನೆ, ನಾನು ಅರ್ಹನೇ?’ ಎಂದು ಸಂಘಟಕರಿಗೆ ಇಮೇಲ್ ಮಾಡಿ, ಉತ್ತರವನ್ನು ತೆಗೆದಿಟ್ಟುಕೊಳ್ಳಬೇಕು. ಗೆದ್ದ ಮೇಲೆ ಯಾರಾದರೂ ತಕರಾರು ಎತ್ತಿದಾಗ ಕೈಗೆ ಬರುವುದು ಆ ಉತ್ತರ.

ಹಾಡು ಸ್ವಂತದ್ದೇ?

ನಿಯಮಗಳಲ್ಲಿ ಅತಿ ಹೆಚ್ಚು ಎಡವಿಸುವುದು ‘ರಚನೆ ಸ್ವಂತದ್ದಾಗಿರಬೇಕು’ ಎಂಬುದು. ನಮ್ಮ ಕಡೆ ಹಾಡು ಹುಟ್ಟುವ ಬಗೆಯೇ ಬೇರೆಯಾದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಭಜನೆಯವರಾಗಲಿ ನಾಟಕದವರಾಗಲಿ ಹೊಸ ಪದ ಬರೆದಾಗ ಅದನ್ನು ಗೊತ್ತಿರುವ ಹಾಡಿನ ಮಟ್ಟಿಗೆ, ಅಂದರೆ ಧಾಟಿಗೆ, ಕೂರಿಸುತ್ತಾರೆ. ಹಳೆಯ ಕಂಪನಿ ನಾಟಕದ ಪುಸ್ತಕಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೂ ಇದು ಇಂಥ ಹಾಡಿನ ಮಟ್ಟು ಎಂದು ಅಚ್ಚು ಹಾಕಿರುತ್ತಾರೆ. ಮರಾಠಿ ರಂಗದ ಮಟ್ಟು, ಪಾರ್ಸಿ ಕಂಪನಿಯ ಮಟ್ಟು, ಆಮೇಲೆ ಸಿನಿಮಾದ ಮಟ್ಟು ಹೀಗೆ ಬಂದು ನಮ್ಮವೇ ಆಗಿಹೋಗಿವೆ. ಅದರಲ್ಲಿ ಕದ್ದ ಭಾವನೆ ಯಾರಿಗೂ ಇರಲಿಲ್ಲ, ಕೇಳುವವರಿಗೆ ಮಟ್ಟು ಗೊತ್ತಿದ್ದರೇ ಪದ ಬೇಗ ನಾಟುತ್ತಿತ್ತು. ಸಂಗೀತ ರಚನೆಯ ಸ್ಪರ್ಧೆಯಲ್ಲಿ ಮಾತ್ರ ಇದು ನೇರವಾಗಿ ಅನರ್ಹತೆ. ಅಲ್ಲಿ ಅಳೆಯುವುದು ಮಟ್ಟನ್ನೇ. ಸಾಹಿತ್ಯ ಎಷ್ಟೇ ಹೊಸದಾಗಿರಲಿ, ಹಳೆಯ ಸಿನಿಮಾ ಹಾಡಿನ ಧಾಟಿ ಕೇಳಿಸಿದರೆ ಕಡತ ಪಕ್ಕಕ್ಕೆ ಹೋಗುತ್ತದೆ.

ಜನಪದದ ಮಟ್ಟು ಬಳಸಬಹುದೇ ಎಂದು ಕೇಳುವವರಿದ್ದಾರೆ. ಕೆಲವು ಸ್ಪರ್ಧೆಗಳು ಒಪ್ಪುತ್ತವೆ, ‘ಸಾಂಪ್ರದಾಯಿಕ ಮಟ್ಟು, ವಾದ್ಯ ಸಂಯೋಜನೆ ನನ್ನದು’ ಎಂದು ಬರೆಯಲು ಬೇರೆ ಚೌಕವನ್ನೇ ಕೊಡುತ್ತವೆ. ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಗಣೆ ಮಾಮೂಲಿ ಕೊಳಲಿಗಿಂತ ಬಹಳ ಉದ್ದದ ಬಿದಿರಿನ ವಾದ್ಯ, ಅದರ ನಾದಕ್ಕೆ ಹುಳಿಯಾರು, ಶಿರಾ, ಹಿರಿಯೂರು ಕಡೆಯ ಹಟ್ಟಿಗಳಲ್ಲಿ ಒಂದು ಭಕ್ತಿಯ ಸ್ಥಾನವಿದೆ. ಅಲ್ಲಿ ತಲೆಮಾರುಗಳಿಂದ ನುಡಿಸಿಕೊಂಡು ಬಂದದ್ದನ್ನು ಮೊಬೈಲಿನಲ್ಲಿ ಹಿಡಿದು ತನ್ನ ಹೆಸರಲ್ಲಿ ಕಳಿಸುವುದು ಕಾನೂನಿಗೆ ಸಿಕ್ಕದಿದ್ದರೂ ನನ್ನ ಪ್ರಕಾರ ಅನ್ಯಾಯವೇ. ನುಡಿಸಿದವರ ಒಪ್ಪಿಗೆ ಕೇಳಿ, ಅವರ ಹೆಸರನ್ನೂ ಹಟ್ಟಿಯ ಹೆಸರನ್ನೂ ಅರ್ಜಿಯಲ್ಲಿ ಕಾಣಿಸುವುದಕ್ಕೆ ಎರಡು ನಿಮಿಷ ಸಾಕು.

ಇನ್ನು ಕಾನೂನು. ‘ನನಗೆ ಸ್ವರ ಬರೆಯಲು ಬರುವುದಿಲ್ಲ, ನಾನೆಂಥ ಸಂಗೀತ ರಚನಕಾರ’ ಎಂಬ ಅಳುಕು ಹಳ್ಳಿಯವರಿಗೆ ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಮೊದಲು ಹಾಗೇ ಹೇಳುತ್ತಿತ್ತು. ಬರಹಕ್ಕೆ ಇಳಿದ, ಅಚ್ಚಾದ ಸಂಗೀತವಷ್ಟೇ ಅದರ ಕಣ್ಣಿಗೆ ಸಂಗೀತ ಕೃತಿ. 1994ರ ತಿದ್ದುಪಡಿ ಇದನ್ನು ಬದಲಿಸಿತು. ಸ್ವರಲಿಪಿಯಲ್ಲಿ ಬರೆದಿರಲಿ ಬಿಡಲಿ, ಸಂಗೀತ ಕಟ್ಟಿದವರೇ ರಚನಕಾರರು ಎಂದು ಕಾಯ್ದೆ ಈಗ ಸ್ಪಷ್ಟವಾಗಿ ಒಪ್ಪುತ್ತದೆ. ರೊಟ್ಟಿ ತಟ್ಟುತ್ತಾ ಗುನುಗಿಕೊಂಡು ಹೊಸ ಮಟ್ಟು ಹೊಂದಿಸಿದ ಅಜ್ಜಿಯೂ ಕಾನೂನಿನ ಪ್ರಕಾರ ಸಂಗೀತ ರಚನಕಾರಳೇ. ಆದ್ದರಿಂದ ಅರ್ಜಿಯಲ್ಲಿ ಸ್ವರಲಿಪಿ ಕಡ್ಡಾಯವೇ ಐಚ್ಛಿಕವೇ ಎಂದು ನೋಡಿಕೊಳ್ಳಿ. ಬಹುಪಾಲು ಸ್ಪರ್ಧೆಗಳಿಗೆ ಧ್ವನಿಮುದ್ರಣವೇ ಸಾಕು.

ಅದೇ ಕಾಯ್ದೆ ಸಂಗೀತವನ್ನೂ ಸಾಹಿತ್ಯವನ್ನೂ ಬೇರೆ ಬೇರೆ ಕೃತಿಗಳೆಂದು ನೋಡುತ್ತದೆ. ಮಟ್ಟು ನಿಮ್ಮದೇ ಇರಬಹುದು, ಪದ ಬೇರೆಯವರದ್ದಾದರೆ ಅದಕ್ಕೆ ಒಪ್ಪಿಗೆ ಬೇಕು. ಭಾವಗೀತೆಯ ನಾಡು ನಮ್ಮದು. ರಾಗ ಹಾಕಬೇಕೆಂದರೆ ಕೈ ಮೊದಲು ಹೋಗುವುದು ಕುವೆಂಪು, ಬೇಂದ್ರೆ ಪುಸ್ತಕಕ್ಕೆ. ಭಾರತದಲ್ಲಿ ಕವಿ ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ. ಕುವೆಂಪು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳಿಗೆ 2024ರಿಂದ ಯಾರು ಬೇಕಾದರೂ ರಾಗ ಹಾಕಬಹುದು. ಕೆಂಕೆರೆಯವರಿಗೆ ಇದರಲ್ಲಿ ಇನ್ನೂ ಹತ್ತಿರದ ಒಂದು ಲೆಕ್ಕವಿದೆ. ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರು ತೀರಿಕೊಂಡದ್ದು 1966ರಲ್ಲಿ. ಅವರ ‘ಒಲುಮೆ’ಯ ಪ್ರೇಮಗೀತೆಗಳು 2027ರ ಜನವರಿ 1ರಿಂದ ಎಲ್ಲರ ಸ್ವತ್ತು. ಆ ಸಂಕಲನಕ್ಕೆ ಅವರ ತಾಲ್ಲೂಕಿನ ಮಕ್ಕಳೇ ಹೊಸ ರಾಗ ಹಾಕುವುದನ್ನು ಕೇಳಬೇಕೆಂಬುದು ನನ್ನ ದೊಡ್ಡ ಆಸೆ.

ಆ್ಯಪ್‌ಗಳಲ್ಲಿ ಸಿದ್ಧವಾಗಿ ಸಿಗುವ ಡೋಲಕ್, ತಬಲಾ ತುಣುಕುಗಳ ಮಾತು ಬೇರೆ. ಅವನ್ನು ಎಷ್ಟರಮಟ್ಟಿಗೆ ಬಳಸಬಹುದು ಎಂಬುದು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತದೆ. ತಾಳಕ್ಕೆ ಪರವಾಗಿಲ್ಲ, ಮಟ್ಟಿಗೆ ಬೇಡ ಎನ್ನುವವರೇ ಹೆಚ್ಚು. ಒಂದು ಸಾಲು ಬರೆದರೆ ಇಡೀ ಹಾಡನ್ನೇ ಮಾಡಿ ಕೊಡುವ ಕೃತಕ ಬುದ್ಧಿಮತ್ತೆಯ ಸೇವೆಗಳು ಬಂದ ಮೇಲೆ ಈ ಭಾಗ ಇನ್ನೂ ಬಿಗಿಯಾಗಿದೆ. ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯವರು 2023ರಲ್ಲೇ ಮನುಷ್ಯರಿಗೆ ಮಾತ್ರ ಪ್ರಶಸ್ತಿ, ಯಂತ್ರದ ಪಾಲಿದ್ದರೂ ಮನುಷ್ಯನ ಪಾಲು ಅರ್ಥಪೂರ್ಣವಾಗಿರಬೇಕು ಎಂದು ನಿಯಮ ಮಾಡಿಕೊಂಡರು. ಹಾಡು ನಾನೇ ಕಟ್ಟಿದೆ ಎನ್ನುವುದಕ್ಕೆ ಪುರಾವೆ ಕೇಳುವ ಕಾಲ ಇದು. ಮೊದಲ ಸಲ ಗುನುಗಿದ ಮೊಬೈಲ್ ರೆಕಾರ್ಡಿಂಗು, ಚೀಟಿಯಲ್ಲಿ ಗೀಚಿಕೊಂಡ ಸರಿಗಮ, ಪ್ರತಿ ವಾದ್ಯದ ಬಿಡಿ ಟ್ರ್ಯಾಕು, ಯಾವುದನ್ನೂ ಅಳಿಸಬೇಡಿ.

ಹೆಸರು ಮುಚ್ಚಿಡುವುದು

1902ರ ನವೆಂಬರ್‌ನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ, ಹಾಡಿನ ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಗಟ್ಟಿಯಾಗಿ ಸಾರುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಅದು ನೆರವಾಗುತ್ತಿತ್ತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದ ಆ ಮಹಾಗಾಯಕಿಯ ಹೆಸರು ಇವತ್ತಿಗೂ ಅವರ ದನಿಯಲ್ಲೇ ಉಳಿದಿದೆ.

ಇಂದಿನ ಸ್ಪರ್ಧೆಗೆ ಹಾಗೆ ಹೆಸರು ಹೇಳಿ ಕಳಿಸಿದರೆ ಅದೇ ಕಾರಣಕ್ಕೆ ಅನರ್ಹ. ಹಾಡಿನ ಒಳಗೆ, ಕಡತದ ಹೆಸರಿನಲ್ಲಿ, ಕಡತದ ಒಳಗೆ ಅಡಗಿರುವ ‘ಕಲಾವಿದ’ ಎಂಬ ಮಾಹಿತಿಯಲ್ಲಿ, ಎಲ್ಲಿಯೂ ಹೆಸರು ಕಾಣಬಾರದು ಎಂಬುದು ಈಗ ವ್ಯಾಪಕವಾಗಿರುವ ನಿಯಮ. ಕೇಂದ್ರ ಸರ್ಕಾರದ ಮೈಗವ್ ತಾಣದ ಪ್ರಬಂಧ ಸ್ಪರ್ಧೆಗಳಲ್ಲೂ ಬರಹದ ಒಳಗೆ ಹೆಸರು, ಇಮೇಲ್ ಬರೆಯಕೂಡದು ಎಂಬ ಷರತ್ತು ಇರುತ್ತದೆ. ತಿಪಟೂರು ಎಪಿಎಂಸಿಗೆ ಕೊಬ್ಬರಿ ಹಾಕಿದವರಿಗೆ ಇದು ಹೊಸದಲ್ಲ. ರಾಶಿಗೊಂದು ಲಾಟ್ ನಂಬರ್ ಬೀಳುತ್ತದೆ, ವರ್ತಕರು ಮಾಲು ನೋಡಿ ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ, ಯಾರು ಎಷ್ಟು ಬರೆದರೆಂಬುದು ಟೆಂಡರ್ ಘೋಷಣೆಯಾಗುವವರೆಗೂ ಹೊರಬೀಳುವುದಿಲ್ಲ. ಹಾಡಿಗೂ ಹೀಗೊಂದು ನಂಬರ್ ಕೊಟ್ಟು, ತೀರ್ಪುಗಾರರು ಕಿವಿಯೊಂದನ್ನೇ ನಂಬಿ ಅಂಕ ಹಾಕಿದರೆ ಊರಿನ ಹೆಸರು ಅಡ್ಡ ಬರುವುದಿಲ್ಲ.

ನಮ್ಮ ಕಡೆಯವರು ಗಮನಿಸಬೇಕಾದ ಸೂಕ್ಷ್ಮ ಒಂದಿದೆ, ಅಂಕಿತ. ವಚನಕಾರರಿಂದ ಹಿಡಿದು ದಾಸರು, ತತ್ವಪದಕಾರರವರೆಗೆ ಕನ್ನಡದ ಹಾಡು ಕೊನೆಯ ಸಾಲಿನಲ್ಲಿ ಕಟ್ಟಿದವರ ಗುರುತನ್ನು ಹೊತ್ತೇ ಬಂದಿದೆ. ಭಜನೆ ಪದ ಬರೆಯುವವರು ಇವತ್ತಿಗೂ ಊರ ದೇವರ ಹೆಸರನ್ನೋ ಗುರುವಿನ ಹೆಸರನ್ನೋ ಕೊನೆಗೆ ಸೇರಿಸುತ್ತಾರೆ. ಎಂಟುನೂರು ವರ್ಷಕ್ಕೂ ಹಳೆಯದಾದ ಆ ಪದ್ಧತಿ ಹೆಸರು ಮುಚ್ಚಿಟ್ಟು ನಡೆಸುವ ಸ್ಪರ್ಧೆಗೆ ಹೊಂದುವುದಿಲ್ಲ. ಊರ ದೇವರ ಹೆಸರು ಹಾಡಿನಲ್ಲಿದ್ದರೆ ಊರು ಗೊತ್ತಾದಂತೆಯೇ. ಸ್ಪರ್ಧೆಗೆ ಕಳಿಸುವ ಪ್ರತಿಯಲ್ಲಿ ಅಂಕಿತದ ನುಡಿಯನ್ನು ಬಿಟ್ಟು, ಹಾಡನ್ನು ಊರಲ್ಲಿ ಹಾಡುವಾಗ ಸೇರಿಸಿಕೊಳ್ಳಬಹುದು. ಬಿಡಲು ಮನಸ್ಸು ಒಪ್ಪದಿದ್ದರೆ, ಇದು ಗುರುತು ಬಿಟ್ಟುಕೊಟ್ಟಂತೆ ಆಗುತ್ತದೆಯೇ ಎಂದು ಸಂಘಟಕರನ್ನೇ ಮೊದಲು ಕೇಳಿ.

ಎಷ್ಟು ನಿಮಿಷ

ಮೂರು ನಿಮಿಷ, ನಾಲ್ಕು ನಿಮಿಷ ಎಂಬ ಮಿತಿಗೆ ರಾತ್ರಿಯಿಡೀ ನಾಟಕ ನೋಡಿ ಬೆಳೆದವರು ಬೇಸರಪಡುವುದು ಸಹಜ. ಮಿತಿಯನ್ನು ಬಿಗಿಯಾಗಿ ಪಾಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಯುರೋವಿಷನ್ ಹಾಡಿನ ಸ್ಪರ್ಧೆ ಸಾಕ್ಷಿ. 1957ರಲ್ಲಿ ಇಟಲಿಯ ಹಾಡು 5 ನಿಮಿಷ 9 ಸೆಕೆಂಡ್ ನಡೆಯಿತು. ಅಲ್ಲಿಂದಾಚೆಗೆ ಮೂರು ನಿಮಿಷದ ಗೆರೆಯನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಾರೆ.

ಇದಕ್ಕಿಂತ ದೊಡ್ಡ ಪಾಠ ನಮ್ಮ ಮನೆಯಲ್ಲೇ ಇದೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ ನಾಡಗೀತೆಯಾದದ್ದು 2004ರಲ್ಲಿ. ಪದವನ್ನು ಒಪ್ಪಿದ ಸರ್ಕಾರ ಧಾಟಿ ಯಾವುದು, ಎಷ್ಟು ನಿಮಿಷ ಎಂಬುದನ್ನು ಆಗಲೇ ಇತ್ಯರ್ಥ ಮಾಡಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿ ಒಂದು ಕಡೆ, ಸಿ. ಅಶ್ವತ್ಥ್ ಅವರ ಧಾಟಿ ಇನ್ನೊಂದು ಕಡೆ. ಇಬ್ಬರೂ ನಾಡು ತಲೆಯ ಮೇಲೆ ಹೊತ್ತು ಮೆರೆಸಿದ ಸಂಗೀತಗಾರರು. ಸಮಿತಿಯ ಮೇಲೆ ಸಮಿತಿ ಕೂತು, ಎಚ್.ಆರ್. ಲೀಲಾವತಿಯವರ ಅಧ್ಯಕ್ಷತೆಯ ಸಮಿತಿಯ ವರದಿ ಬಂದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ ಅನಂತಸ್ವಾಮಿಯವರ ಧಾಟಿಗೆ ಒಪ್ಪಿಗೆ ಸಿಕ್ಕಿತು. ಆಲಾಪವಿಲ್ಲದೆ, ಪುನರಾವರ್ತನೆಯಿಲ್ಲದೆ, ಪೂರ್ತಿ ಪಾಠ, 2 ನಿಮಿಷ 30 ಸೆಕೆಂಡ್. ಅಷ್ಟು ಹೊತ್ತಿಗೆ ಅನಂತಸ್ವಾಮಿಯವರೂ ಇರಲಿಲ್ಲ, ಅಶ್ವತ್ಥರೂ ಇರಲಿಲ್ಲ. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆ ಒಂದು ಸಾಲಿನ ನಿಯಮವನ್ನು ಮೊದಲ ದಿನವೇ ಬರೆದಿದ್ದರೆ ಇಬ್ಬರು ದೊಡ್ಡವರ ಅಭಿಮಾನಿಗಳು ಹದಿನೆಂಟು ವರ್ಷ ಎದುರುಬದುರು ನಿಲ್ಲಬೇಕಾಗಿರಲಿಲ್ಲ.

ನಾಡಗೀತೆಯ ಆ ಷರತ್ತು ಸ್ಪರ್ಧಿಗಳಿಗೂ ಒಳ್ಳೆಯ ಕೈಪಿಡಿ. ಮೂರು ನಿಮಿಷದಲ್ಲಿ ಮುಗಿಸಬೇಕೆಂದರೆ ಮೊದಲು ಕಡಿಮೆ ಮಾಡಬೇಕಾದದ್ದು ಆಲಾಪ, ಆಮೇಲೆ ಪಲ್ಲವಿಯ ಪುನರಾವರ್ತನೆ. ನೂರಾರು ಹಾಡು ಕೇಳುವ ತೀರ್ಪುಗಾರರಿಗೆ ಮಟ್ಟಿನ ಮುಖ ಮೊದಲ ಅರ್ಧ ನಿಮಿಷದೊಳಗೆ ಕಾಣಬೇಕು.

ಅಟ್ಟದ ಕೆಳಗಿನ ಕೋಣೆ

ಕೆಂಕೆರೆಯ ಹುಡುಗಿಯೊಬ್ಬಳು ಹಾಡು ಕಟ್ಟಿದ್ದಾಳೆ ಎಂದಿಟ್ಟುಕೊಳ್ಳೋಣ. ರೆಕಾರ್ಡ್ ಮಾಡುವುದು ಎಲ್ಲಿ? ಹಜಾರದಲ್ಲಿ ದನಿ ಗೋಡೆಗೆ ಬಡಿದು ಮಾರ್ದನಿಸುತ್ತದೆ. ತೋಟದಲ್ಲಿ ಗರಿಗಳ ಸದ್ದು ಹಾಡನ್ನು ನುಂಗುತ್ತದೆ, ತ್ರೀ ಫೇಸ್ ಕರೆಂಟ್ ಬಂದರೆ ಸುತ್ತಲ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ತೆಂಗಿನ ಸೀಮೆಯ ಹಳೆಯ ಮನೆಗಳಲ್ಲಿ ಇದಕ್ಕೆ ಒಂದು ಜಾಗ ಇದ್ದೇ ಇದೆ. ಉಂಡೆ ಕೊಬ್ಬರಿಗಾಗಿ ಸಿಪ್ಪೆ ಸಮೇತ ತೆಂಗಿನಕಾಯಿಯನ್ನು ಎಂಟು ತಿಂಗಳಿಂದ ವರ್ಷದವರೆಗೆ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ, ಅಲುಗಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಎನ್ನುವವರೆಗೆ. ಕಾಯಿ ತುಂಬಿದ ಅಟ್ಟದ ಕೆಳಗಿನ ಕೋಣೆಯಲ್ಲಿ ಕೂತರೆ ತಲೆಯ ಮೇಲಿನ ಆ ನಾರಿನ ರಾಶಿ ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ಎದುರಿನ ಗೋಡೆಗೆ ಒಂದು ಕಂಬಳಿ ಇಳಿಬಿಟ್ಟು, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಮೊಳ ದೂರದಲ್ಲಿ, ತುಸು ಓರೆಯಾಗಿ ಇಟ್ಟುಕೊಂಡು ಹಾಡಿದರೆ ಸ್ಪರ್ಧೆಗೆ ಬೇಕಾದಷ್ಟು ತಿಳಿಯಾದ ದನಿ ಸಿಗುತ್ತದೆ. ಹಾರ್ಮೋನಿಯಂ ಪಕ್ಕದಲ್ಲೇ ಇದ್ದರೆ ಅದು ದನಿಯನ್ನು ಮುಚ್ಚುತ್ತದೆ. ಮೊದಲು ಹಾರ್ಮೋನಿಯಂ ಒಂದನ್ನೇ ರೆಕಾರ್ಡ್ ಮಾಡಿ, ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾ ಹಾಡನ್ನು ಬೇರೆ ಟ್ರ್ಯಾಕಿನಲ್ಲಿ ಹಾಡುವುದು ಮೇಲು. ಬ್ಯಾಂಡ್‌ಲ್ಯಾಬ್‌ನಂಥ ಆ್ಯಪ್ ಇದನ್ನು ಮೊಬೈಲಿನಲ್ಲೇ ಮಾಡಿಕೊಡುತ್ತದೆ, ಕಂಪ್ಯೂಟರ್ ಇದ್ದರೆ ಆಡಾಸಿಟಿ ಇದೆ, ಎರಡನ್ನೂ ದುಡ್ಡಿಲ್ಲದೆ ಬಳಸಬಹುದು. ಶ್ರುತಿ ಕೇಳಿದರೆ ‘ಕಪ್ಪು ಒಂದು’ ಎಂದು ಬರೆಯಬೇಡಿ, ಅರ್ಜಿಯಲ್ಲಿ ಅದು ಸಿ ಶಾರ್ಪ್.

ಕಡತದ ಬಗೆಯಲ್ಲಿ ಎರಡು ಹೆಸರು ಪದೇಪದೇ ಬರುತ್ತವೆ, ವೇವ್ ಮತ್ತು ಎಂಪಿ3. ಸಿಡಿ ಗುಣಮಟ್ಟದ ವೇವ್ ಕಡತ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ, ಮೂರು ನಿಮಿಷದ ಹಾಡು 30 ಎಂಬಿ. ಅದನ್ನೇ 320 ಕೆಬಿಪಿಎಸ್ ಎಂಪಿ3 ಮಾಡಿದರೆ ಏಳು ಎಂಬಿಯ ಆಸುಪಾಸು. ನಿಯಮದಲ್ಲಿ 10 ಎಂಬಿ ಮಿತಿ ಎಂದಿದ್ದರೆ ವೇವ್ ಕಳಿಸಲಾಗದು, ವೇವ್ ಕಡ್ಡಾಯ ಎಂದಿದ್ದರೆ ಎಂಪಿ3ಯನ್ನು ಮತ್ತೆ ವೇವ್ ಮಾಡಿ ಕಳಿಸುವುದರಿಂದ ಕಳೆದುಹೋದ ಗುಣಮಟ್ಟ ವಾಪಸ್ ಬರುವುದಿಲ್ಲ. ಮೊದಲೇ ವೇವ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡರೆ ಎರಡಕ್ಕೂ ಸಿದ್ಧ. ಅಣ್ಣನಿಗೋ ಗೆಳತಿಗೋ ವಾಟ್ಸ್ಯಾಪಿನಲ್ಲಿ ಕಳಿಸಿ ಅವರ ಕಡೆಯಿಂದ ಅಪ್‌ಲೋಡ್ ಮಾಡಿಸುವವರು ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು. ವಾಯ್ಸ್ ಮೆಸೇಜ್ ಆಗಿ ಹೋದ ಹಾಡು ಹಿಂಡಿ ಹಿಪ್ಪೆಯಾಗಿ ತಲುಪುತ್ತದೆ.

ಕೊನೆಯ ದಿನಾಂಕದ ಪಕ್ಕದಲ್ಲಿ ಯಾವ ದೇಶದ ಗಡಿಯಾರ ಎಂಬುದನ್ನು ನೋಡಿಕೊಳ್ಳಿ. ಯುಟಿಸಿ (ಜಾಗತಿಕ ಕಾಲಮಾನ) ಪ್ರಕಾರ ರಾತ್ರಿ 11.59 ಎಂದರೆ ನಮ್ಮಲ್ಲಿ ಮರುದಿನ ಬೆಳಗಿನ ಜಾವ 5.29. ಇದು ನಮಗೆ ಅನುಕೂಲ. ಭಾರತೀಯ ಕಾಲಮಾನ ಎಂದಿದ್ದರೆ ಆ ರಿಯಾಯಿತಿ ಇಲ್ಲ. ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ಮಾಳಿಗೆ ಹತ್ತುವ ಊರುಗಳಲ್ಲಿ ಕೊನೆಯ ಗಂಟೆಯನ್ನು ನಂಬಬಾರದು, ಎರಡು ದಿನ ಮೊದಲೇ ಅಪ್‌ಲೋಡ್ ಮಾಡಿ, ‘ಸ್ವೀಕರಿಸಲಾಗಿದೆ’ ಎಂಬ ಇಮೇಲ್ ಬಂತೇ ಎಂದು ನೋಡಬೇಕು.

ತೀರ್ಪಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬರೀ ಸಾರ್ವಜನಿಕ ಮತದಿಂದ ಗೆಲುವು ನಿರ್ಧಾರವಾಗುವ ಸ್ಪರ್ಧೆಗಳ ಮೇಲೆ ನನಗೆ ನಂಬಿಕೆ ಇಲ್ಲ. ಅಲ್ಲಿ ಗೆಲ್ಲುವುದು ಮೊಬೈಲಿನಲ್ಲಿ ಹೆಚ್ಚು ನಂಬರ್ ಇಟ್ಟುಕೊಂಡವರು. ತೀರ್ಪುಗಾರರ ಹೆಸರನ್ನೂ, ಮಟ್ಟಿಗೆ ಇಷ್ಟು, ಸಾಹಿತ್ಯಕ್ಕೆ ಇಷ್ಟು, ಸಂಯೋಜನೆಗೆ ಇಷ್ಟು ಎಂಬ ಅಂಕದ ಹಂಚಿಕೆಯನ್ನೂ ಮೊದಲೇ ಪ್ರಕಟಿಸುವ ಸ್ಪರ್ಧೆಯನ್ನೇ ಆರಿಸಿಕೊಳ್ಳಿ.

ಹಾಡು ಯಾರ ಕೈಯಲ್ಲಿ ಉಳಿಯುತ್ತದೆ

ನಿಯಮಗಳ ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ಕಳಿಸಿದ ರಚನೆಗಳ ಎಲ್ಲ ಹಕ್ಕುಗಳೂ ಸಂಘಟಕರವು’ ಎಂಬ ಸಾಲು ಇರಬಹುದು. ನಾನು ಎಲ್ಲರಿಗೂ ಹೇಳುವುದು, ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದಿ, ಈ ಸಾಲನ್ನು ಮೊದಲು ಹುಡುಕಿ. ಗೆದ್ದ ಹಾಡನ್ನು ತಮ್ಮ ಕಾರ್ಯಕ್ರಮಗಳಲ್ಲಿ ಬಳಸಿಕೊಳ್ಳುತ್ತೇವೆ ಎಂದರೆ ನ್ಯಾಯ. ಲಾಂಛನವನ್ನೋ ಜಿಂಗಲ್ಲನ್ನೋ ಆರಿಸುವ ಸ್ಪರ್ಧೆಯಲ್ಲಿ ಗೆದ್ದದ್ದರ ಹಕ್ಕನ್ನು ಪೂರ್ತಿ ಕೇಳುವುದಕ್ಕೂ ಅರ್ಥವಿದೆ. ಗೆಲ್ಲದ ಹಾಡುಗಳ ಹಕ್ಕೂ ತಮ್ಮದೇ ಎನ್ನುವುದು ಮಾತ್ರ ಒಪ್ಪತಕ್ಕದ್ದಲ್ಲ. ಸಾವಿರ ಜನ ಕಳಿಸಿದ ಸಾವಿರ ಮಟ್ಟುಗಳು ಒಬ್ಬರ ಗೋದಾಮಿಗೆ ಸೇರಿದಂತೆ ಆಗುತ್ತದೆ, ಬಹುಮಾನ ಮಾತ್ರ ಮೂವರಿಗೆ.

ಕಾಯ್ದೆ ಇಲ್ಲಿ ಕಟ್ಟಿದವರ ಪಕ್ಷವನ್ನೇ ವಹಿಸುತ್ತದೆ. ಹಾಡು ಹುಟ್ಟಿದ ಕ್ಷಣದಲ್ಲೇ ಕೃತಿಸ್ವಾಮ್ಯ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ನೋಂದಾಯಿಸಲೇಬೇಕು ಎನಿಸಿದರೆ ಸಂಗೀತ ಕೃತಿಗೆ 500 ರೂಪಾಯಿ ಶುಲ್ಕ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿರದಿದ್ದರೆ 5 ವರ್ಷಕ್ಕೆ ಮಾತ್ರ, ಯಾವ ಪ್ರದೇಶಕ್ಕೆ ಎಂದು ಬರೆದಿರದಿದ್ದರೆ ಭಾರತಕ್ಕೆ ಮಾತ್ರ. ಪಡೆದುಕೊಂಡವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ವರ್ಗಾವಣೆಯೇ ಬಿದ್ದುಹೋಗುತ್ತದೆ. 57ನೇ ಸೆಕ್ಷನ್ ಇನ್ನೂ ಗಟ್ಟಿ. ಹಕ್ಕನ್ನೆಲ್ಲ ಬರೆದುಕೊಟ್ಟ ಮೇಲೂ ‘ಇದನ್ನು ಕಟ್ಟಿದ್ದು ನಾನು’ ಎಂದು ಹೇಳಿಕೊಳ್ಳುವ ಹಕ್ಕು, ಹಾಡನ್ನು ಕೆಡಿಸಿ ತನ್ನ ಮರ್ಯಾದೆಗೆ ಕುಂದು ತಂದರೆ ತಡೆಯುವ ಹಕ್ಕು ರಚನಕಾರರಲ್ಲೇ ಉಳಿಯುತ್ತದೆ.

ಇಷ್ಟು ತಿಳಿದುಕೊಂಡವರು ಅಪ್‌ಲೋಡ್ ಗುಂಡಿ ಒತ್ತುವ ಮೊದಲು ಸಂಘಟಕರಿಗೆ ಮೂರು ಸಾಲಿನ ಇಮೇಲ್ ಬರೆಯಬಹುದು. ಗೆಲ್ಲದಿದ್ದರೆ ಹಾಡಿನ ಹಕ್ಕು ಪೂರ್ತಿ ನನಗೆ ಉಳಿಯುತ್ತದೆಯೇ? ಗೆದ್ದರೆ ನೀವು ಅದನ್ನು ಎಲ್ಲಿ, ಎಷ್ಟು ವರ್ಷ ಬಳಸುತ್ತೀರಿ? ಬಳಸಿದ ಕಡೆಯೆಲ್ಲ ನನ್ನ ಹೆಸರು ಹಾಕುತ್ತೀರಾ? ಉತ್ತರ ಬಂದರೆ ಅದನ್ನೂ, ಅಂದಿನ ನಿಯಮಗಳ ಪುಟದ ಸ್ಕ್ರೀನ್‌ಶಾಟನ್ನೂ ಮೂಲ ರೆಕಾರ್ಡಿಂಗಿನ ಜೊತೆ ಒಂದೇ ಫೋಲ್ಡರಿನಲ್ಲಿ ಇಡಿ. ಉತ್ತರ ಬಾರದೆ ಹೋದರೆ ಆ ಹಾಡನ್ನು ಇನ್ನೊಂದು ಸ್ಪರ್ಧೆಗೆ ಕಳಿಸಿ.